ಲೈನಲ್ಲೇ ಇರ್ತಾರಂತೆ

ನಮ್ಮದು ರೈಟರ್ ಮನೆ. ಹಾಗಂದ ಮಾತ್ರಕ್ಕೆ ಅಲ್ಲಿ ಯಾರೂ ಕಥೆ ಕವನ ಬರೆಯುತ್ತಿರಲಿಲ್ಲ. ನಮ್ಮ ಕಡೆಯ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ ಬರೆದುಕೊಳ್ಳುವವರಿಗೆ ರೈಟರು ಅನ್ನುತ್ತಾರೆ; ಅಪ್ಪ ಆ ರೈಟರು. ಮಲ್ಲಂದೂರಿನ ಕಡೆಯ ಒಂದು ತೋಟದಲ್ಲಿ ಸಾಹುಕಾರರು ಕೊಟ್ಟ ಮೂರು ಕೋಣೆಯ ಹೆಂಚಿನ ಮನೆ ಅದು. ನಡುಮನೆಯ ಗೋಡೆಗೆ ಒಂದು ಕನ್ನಡಿ, ಅದರ ಕೆಳಗೆ ಅಜ್ಜಿಯ ಕಬ್ಬಿಣದ ಟ್ರಂಕು, ಮೂಲೆಯಲ್ಲಿ ಅಪ್ಪನ ಕುರ್ಚಿ. ಅಪ್ಪನಿಗೆ ಕಾಫಿ ಹೊಟ್ಟಿನ ಧೂಳು ಆಗುತ್ತಿರಲಿಲ್ಲ. ಹಣ್ಣು ಕುಯ್ಲಿನ ತಿಂಗಳುಗಳಲ್ಲಿ ಅವನ ಎದೆಯಲ್ಲಿ ಯಾರೋ ಸಣ್ಣ ಪೀಪಿ ಊದುತ್ತಿರುವ ಹಾಗೆ ಸದ್ದಾಗುತ್ತಿತ್ತು. ಅವನು ಅಂಗಳಕ್ಕೆ ಬಂದದ್ದು ಚಪ್ಪಲಿಯ ಸಪ್ಪಳದಿಂದಲ್ಲ, ಆ ಪೀಪಿಯಿಂದ ನಮಗೆ ಗೊತ್ತಾಗುತ್ತಿತ್ತು. ಅಂಗಳದ ಕೊನೆಗೆ ಒಂದು ದೊಡ್ಡ ಸಿಲ್ವರ್ ಮರ. ಅದರ ಬುಡದಲ್ಲಿ ದಾರಿ ಎರಡಾಗುತ್ತಿತ್ತು. ಎಡಕ್ಕೆ ಏರಿದರೆ ತೋಟದ ಆಫೀಸು, ಬಲಕ್ಕೆ ಇಳಿದರೆ ಲೈನು. ನನಗೆ ಒಂಬತ್ತು ವರ್ಷವಾಗಿದ್ದಾಗ, ಒಂದು ಶನಿವಾರ ಮಧ್ಯಾಹ್ನ, ಅಜ್ಜಿ ಆ ಮರದ ಬುಡದಲ್ಲಿ ಬಲಕ್ಕೆ ತಿರುಗಿದಳು. ಎಡಕ್ಕೆ ತಿರುಗಬೇಕಿತ್ತು. ನಾನು ಹೇಳಬೇಕಾಗಿರುವುದು ಇಷ್ಟೇ. ಮಿಕ್ಕಿದ್ದೆಲ್ಲ ಅವಳು ಯಾಕೆ ಬಲಕ್ಕೆ ತಿರುಗಿದಳು ಅನ್ನುವುದು.

ಲೈನು ಅಂದರೆ ತೋಟದ ಆಳುಗಳಿಗೆ ಕಟ್ಟಿಸಿದ ಸಾಲುಮನೆ. ಒಂದೇ ಮಾಡಿನ ಕೆಳಗೆ ಹತ್ತು ಬಾಗಿಲು, ಹತ್ತು ಒಲೆ, ಉದ್ದಕ್ಕೂ ಒಂದೇ ಜಗಲಿ. ಒಬ್ಬರ ಮನೆಯ ಒಗ್ಗರಣೆಗೆ ಹತ್ತೂ ಮನೆಯವರು ಸೀನುತ್ತಾರೆ. ಅಜ್ಜ ಬದುಕಿದ್ದಾಗ ಮೇಸ್ತ್ರಿ; ಆಳುಗಳನ್ನು ಕೆಲಸಕ್ಕೆ ಹಚ್ಚುವವನು. ಅವನಿಗೆ ಕೊಟ್ಟಿದ್ದು ಲೈನಿನ ಮೊದಲನೇ ಬಾಗಿಲು. ಅಜ್ಜಿ ಮದುವೆಯಾಗಿ ಬಂದದ್ದು ಅಲ್ಲಿಗೆ. ಅಪ್ಪ ಹುಟ್ಟಿದ್ದು, ಅವನಾದ ಹನ್ನೆರಡು ವರ್ಷಕ್ಕೆ ಚಿಕ್ಕಪ್ಪ ಹುಟ್ಟಿದ್ದು ಎಲ್ಲ ಅಲ್ಲೇ. ಅಪ್ಪ ಹತ್ತನೇ ಕ್ಲಾಸು ಪಾಸಾಗಿ ರೈಟರಾದ ಮೇಲೆ ನಮ್ಮವರು ಗಂಟುಮೂಟೆ ಹೊತ್ತು ಆ ಏರು ಹತ್ತಿ ಮೇಲಿನ ಮನೆಗೆ ಬಂದರು. ನಡೆದರೆ ಐದು ನಿಮಿಷದ ದಾರಿ. ಅಪ್ಪನ ಬಾಯಲ್ಲಿ ಕೇಳಿದರೆ ಅದು ಒಂದು ತಲೆಮಾರಿನ ದಾರಿ. ಲೈನಿಗೆ ಕೆಲಸದ ಮೇಲೆ ಹೋದಾಗಲೂ ಅವನು ಮೊದಲನೇ ಬಾಗಿಲಿನ ಕಡೆ ತಿರುಗಿ ನೋಡುತ್ತಿರಲಿಲ್ಲ, ಆ ಜಗಲಿಯ ಮೇಲೆ ಕೂರುತ್ತಿರಲಿಲ್ಲ. ಅಜ್ಜಿ ಮಾತ್ರ ದಿನಕ್ಕೊಂದು ಸಲ ಯಾವುದಾದರೂ ನೆಪ ಹುಡುಕಿ ಇಳಿದು ಹೋಗಿ, ಎಲೆಅಡಿಕೆ ಹಾಕಿಕೊಂಡು, ಹತ್ತು ಮನೆಯ ಸುದ್ದಿ ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

ನನಗೆ ಮಾತು ಕಲಿಸಿದವಳು ಅಜ್ಜಿ. ಅಮ್ಮನಿಗೆ ಒಲೆ, ದನದ ಹಟ್ಟಿ, ತೋಟದ ಕೆಲಸ ಎಂದು ಪುರುಸೊತ್ತೇ ಇರುತ್ತಿರಲಿಲ್ಲ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಅವಳ ಪತ್ರವೆಲ್ಲ ನನ್ನ ನಾಲಿಗೆಯ ಮೇಲೆಯೇ ಹೋಗಿ ಬರುತ್ತಿತ್ತು. ಲೈನಿಗೆ ಹೋಗಿ ಇಂಥವಳಿಗೆ ಇಂಥದ್ದು ಹೇಳು, ಅವಳು ಏನಂದಳು ಬಂದು ಹೇಳು. ವಾಪಸು ಬಂದು ನಾನು ಒಂದು ಮಾತು ಆಚೀಚೆ ಮಾಡಿದರೂ ಅವಳಿಗೆ ತಿಳಿದುಬಿಡುತ್ತಿತ್ತು.

“ಇದು ಅವಳ ಮಾತಲ್ಲ, ನಿನ್ನ ಮಾತು. ಮಜ್ಜಿಗೆ ಕೊಟ್ಟು ಕಳ್ಸಿದ್ರೆ ದಾರೀಲಿ ನೀರು ಬೆರೆಸ್ಕಂಡು ಬತ್ತೀಯಲ್ಲ ಪುಟ್ಟಿ. ಕೇಳಿದ್ದನ್ನ ಕೇಳ್ದಂಗೇ ತಂದು ಹಾಕ್ಬೇಕು ಕಣೆ. ಕೈಯಾಡಿಸ್ಬಾರ್ದು.”

ಹೀಗೆ ನಾನು ಒಳ್ಳೆಯ ಓಲೆಕಾರ್ತಿಯಾದೆ. ನಾಲ್ಕು ಮನೆಯ ನಾಲ್ಕು ಮಾತನ್ನು ಒಂದು ಹನಿ ಚೆಲ್ಲದೆ ಏರು ಹತ್ತಿಸಿಕೊಂಡು ಬರುತ್ತಿದ್ದೆ. ಈ ಹೆಮ್ಮೆಯನ್ನು ಇಲ್ಲಿ ಬರೆದಿಡಲು ಕಾರಣವಿದೆ.

ಮಾತಿನ ಜೊತೆ ಆಟವಾಡಲು ಕಲಿಸಿದವನು ಚಿಕ್ಕಪ್ಪ, ವಸಂತ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನು, ನೀರೆತ್ತುವ ಎಂಜಿನ್ನು ಎಲ್ಲ ಅವನ ಕೈಯಲ್ಲಿದ್ದವು. ಮೈಯೆಲ್ಲ ಡೀಸೆಲ್ ವಾಸನೆ, ಬಾಯಿತುಂಬ ನಗು. ನಾನು ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ತಿದ್ದುತ್ತಿದ್ದರೆ ಪಕ್ಕದಲ್ಲಿ ಕೂತು ರೇಗಿಸುತ್ತಿದ್ದ.

“ಏನಮ್ಮ ಅದು, ನಾಕು ಲೈನಾ? ನಮ್ ತೋಟದಲ್ಲಿ ಇರೋದೇ ಒಂದು ಲೈನು. ನಿಮ್ ಮಿಸ್ಸು ನಮ್ ಸಾಹುಕಾರ್ರಿಗಿಂತ ದೊಡ್ಡ ಕುಳ ಅನ್ನು.”

ಅಜ್ಜಿ ರೊಟ್ಟಿ ತಟ್ಟುತ್ತಲೇ ಕಿವಿ ಕೊಡುತ್ತಿದ್ದಳು. ಅವಳಿಗೆ ಲೈನು ಅಂದರೆ ಮೊದಲು ಆ ಹತ್ತು ಬಾಗಿಲು. ಆಮೇಲೆ, ಹಣ್ಣು ಕುಯ್ಯುವಾಗ ಒಬ್ಬೊಬ್ಬ ಹೆಂಗಸಿಗೆ ವಹಿಸುವ ಗಿಡಗಳ ಸಾಲು. “ನಾನು ಆ ಕಾಲದಲ್ಲಿ ಲೈನ್ ಹಿಡಿದ್ರೆ ಸಂಜೆಗೆ ಗಿಡದಲ್ಲಿ ಒಂದು ಕೆಂಪು ಕಾಣ್ತಿರ್ಲಿಲ್ಲ” ಅನ್ನುತ್ತಿದ್ದಳು. ಮಿಕ್ಕದ್ದನ್ನೆಲ್ಲ ಚಿಕ್ಕಪ್ಪ ಅವಳಿಗೆ ಒಂದೊಂದಾಗಿ ತಂದು ಕೊಡುತ್ತಿದ್ದ, ಸಂತೆಯಿಂದ ಮಿಠಾಯಿ ತಂದ ಹಾಗೆ. ಸೀಮೆಎಣ್ಣೆಗೆ ನಿಂತವರು ಲೈನು. ಕರೆಂಟು ಹೋದರೆ ಲೈನ್ ಹೋಯಿತು, ಅದನ್ನು ರಿಪೇರಿ ಮಾಡುವವನು ಲೈನ್‌ಮನ್ನು. ಹಟ ಮಾಡುತ್ತಿದ್ದವನು ಒಪ್ಪಿದರೆ ಲೈನಿಗೆ ಬಂದ. ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂದಲು ಬಾಚಿಕೊಂಡು ಹುಡುಗಿಯರನ್ನು ನೋಡುತ್ತಾ ನಿಂತವನು ಲೈನ್ ಹೊಡೆಯುತ್ತಿದ್ದಾನೆ. ಇದನ್ನು ಕೇಳಿದ ದಿನ ಅಜ್ಜಿ ರೊಟ್ಟಿಯನ್ನು ಕಾವಲಿಯ ಮೇಲೆ ಹೊತ್ತಿಸಿಬಿಟ್ಟಳು.

“ಅಯ್ಯೋ, ಏನ್ ಬಡತನ ಬಂತೋ ಆ ಇಂಗ್ಲಿಷಿನೋರಿಗೆ! ಒಂದೇ ಸೀರೆನ ಮದ್ವೆಗೂ ಉಡ್ತಾರೆ, ಸಗಣಿ ಬಾಚಕ್ಕೂ ಉಡ್ತಾರೆ.”

“ಹೂಂ ಮತ್ತೆ. ನಮ್ ಪುಟ್ಟಿ ಓದಿ ದೊಡ್ಡೋಳಾಗಿ ಅವರಿಗೆ ಇನ್ನೊಂದು ಸೀರೆ ಕೊಡಿಸ್ತಾಳೆ ಬಿಡಮ್ಮ.”

ಚಿಕ್ಕಪ್ಪ ನಕ್ಕ. ಅಪ್ಪ ನಗಲಿಲ್ಲ. ಲೈನ್ ಹೊಡೆಯುವ ವಿಷಯ ಅವನ ಕಿವಿಗೆ ಆಗಲೇ ಬೇರೆ ದಾರಿಯಿಂದ ಬಂದು ಮುಟ್ಟಿತ್ತು.

ಲೈನಿನ ನಾಲ್ಕನೇ ಬಾಗಿಲಲ್ಲಿ ರುಕ್ಕು ಅನ್ನುವ ಹುಡುಗಿ ಅವಳ ಅವ್ವನ ಜೊತೆ ಇದ್ದಳು. ಘಟ್ಟದ ಕೆಳಗಿನಿಂದ ಕೂಲಿಗೆ ಬಂದವರು. ಸಣ್ಣ ದನಿಯ, ದೊಡ್ಡ ಹೆಜ್ಜೆಯ ಹುಡುಗಿ. ಚಿಕ್ಕಪ್ಪ ಅವಳನ್ನು ಮದುವೆಯಾಗುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದ. ಅವತ್ತಿನ ಊಟ ನನಗೆ ಚೆನ್ನಾಗಿ ನೆನಪಿದೆ: ಕಡುಬು, ಕೋಳಿ ಸಾರು. ಅಮ್ಮ ಸೌಟು ಹಿಡಿದವಳು ಹಾಗೇ ನಿಂತಳು. ಅಪ್ಪ ಕಡುಬು ಮುರಿಯುವುದನ್ನು ನಿಲ್ಲಿಸಲಿಲ್ಲ.

“ಆ ಲೈನಿಂದ ಈ ಮನೆಗೆ ಬರಕ್ಕೆ ನಮಗೆ ಎಷ್ಟು ವರ್ಷ ಹಿಡೀತು ಗೊತ್ತಾ ವಸಂತ? ಅಪ್ಪ ಸತ್ತದ್ದೂ ಅಲ್ಲೇ. ನೀನು ಒಂದೇ ದಿನಕ್ಕೆ ವಾಪಸ್ ಇಳಿದು ಹೋಗ್ತೀನಿ ಅಂತೀಯಲ್ಲ.”

“ಇಳಿಯೋದು ಏನ್ ಬಂತಣ್ಣ. ಹುಟ್ಟಿದ್ದು ಅಲ್ಲೇ ತಾನೇ ನಾವಿಬ್ರೂ.”

“ನಾಳೆ ಹಾಜರಿ ಕೂಗುವಾಗ ನಿನ್ನ ಹೆಂಡ್ತಿ ಹೆಸರನ್ನ ನಾನು ಕೂಗ್ಬೇಕಾ? ಅವಳು ಕೈ ಕಟ್ಕೊಂಡು ಹಾಜರ್ ಸ್ವಾಮಿ ಅನ್ಬೇಕಾ? ಅದೊಂದು ಹೇಳು.”

“ಭಾವ ಅನ್ಲಿ ಬಿಡು. ಹಾಜರ್ ಭಾವ.”

ಅಜ್ಜಿಗೆ ನಗು ಬಂದುಬಿಟ್ಟಿತು. ಆ ನಗುವೇ ಕೆಡುಕಾಯಿತೇನೋ. ಅಪ್ಪ ತಟ್ಟೆ ನೂಕಿ ಎದ್ದ. ಇಂಥ ಮದುವೆಯಾದರೆ ಈ ಹೊಸ್ತಿಲು ತುಳಿಯಬೇಡ ಅಂದ. ಎದೆಯ ಪೀಪಿ ಊದುತ್ತಿತ್ತು. ಅದರ ನಡುನಡುವೆ ಮಾತು. ಒಂದು ವಾರದಲ್ಲಿ ಚಿಕ್ಕಪ್ಪ, ರುಕ್ಕು, ಅವಳ ಅವ್ವ ಮೂವರೂ ಬೆಳಗಿನ ಬಸ್ಸಿಗೆ ಹೋದರು. ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ. ಅಪ್ಪ ಆಫೀಸಿನಲ್ಲಿ ರೂಲುದೊಣ್ಣೆ ಇಟ್ಟು ಕೆಂಪು ಮಸಿಯಲ್ಲಿ ಹಾಜರಿ ಪುಸ್ತಕದ ಆ ಮೂರೂ ಹೆಸರಿನ ಮೇಲೆ ಒಂದೊಂದು ಲೈನು ಎಳೆದ. ನಾಲ್ಕನೇ ಮನೆ ಖಾಲಿಯಾಯಿತು. ಅದರ ಮುಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಹಿಂಬಾಗಿಲಿಗೆ ಬೀಗ ಜಡಿದರು.

ಅಜ್ಜಿ ಜಗಳವಾಡಲಿಲ್ಲ. ಮಗನ ಅನ್ನ ಉಣ್ಣುತ್ತಿದ್ದಳಲ್ಲ. ಆದರೆ ಅವಳ ಟ್ರಂಕಿನಲ್ಲಿ ಒಂದು ಗಂಟು ಸಿದ್ಧವಾಯಿತು: ಅವಳ ಮದುವೆಯ ಹಸಿರು ಸೀರೆ, ಒಂದು ಡಜನ್ ಹಸಿರು ಬಳೆ, ಕುಂಕುಮದ ಭರಣಿ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಗಂಟು. “ನಿಮ್ಮಪ್ಪ ಹೊಸ್ತಿಲು ತುಳಿಬ್ಯಾಡ ಅಂದಿರೋದು ಈ ಮನೇದು. ಲೈನಿನ ಹೊಸ್ತಿಲು ನಂದು. ಅಲ್ಲಿಗೆ ಬಂದ್ರೆ ನಾನು ಅಲ್ಲೇ ತುಂಬಿಸ್ಕೊತೀನಿ” ಎಂದು ನನ್ನೊಬ್ಬಳ ಹತ್ತಿರ ಹೇಳಿದ್ದಳು. ಅವಳು ಕಾಯುತ್ತಿದ್ದದ್ದು ಒಂದೇ ಒಂದು ಮಾತು ಹೇಳಲು. ಬನ್ನಿ. ಅಷ್ಟೇ.

ಆ ವರ್ಷವೇ ತೋಟದ ಆಫೀಸಿಗೆ ಫೋನು ಬಂದಿತ್ತು. ಚಿಕ್ಕಪ್ಪ ಹೋಗುವ ಮೊದಲು ಕಂಬ ನೆಡಲು ಅವನೂ ಹೆಗಲು ಕೊಟ್ಟಿದ್ದ. ನಂಬರನ್ನು ಅಪ್ಪ ಆಫೀಸಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದ. ಕಪ್ಪು ಫೋನು, ಡಯಲ್ಲಿಗೆ ಪುಟ್ಟ ಬೀಗ. ಅಜ್ಜಿ ಕಂಬದ ಮೇಲಿನದನ್ನು ತಂತಿ ಅನ್ನುತ್ತಿದ್ದಳು, ಅದರ ಮೇಲೆ ಕೂರುವ ಹಕ್ಕಿಗಳಿಗೆ ಕಾಲು ಜುಮ್ಮನ್ನುವುದಿಲ್ಲವೇ ಎಂದು ಅಚ್ಚರಿಪಡುತ್ತಿದ್ದಳು.

ಚಿಕ್ಕಪ್ಪ ಹೋಗಿ ಎಂಟು ತಿಂಗಳಾಗಿತ್ತು. ಹಣ್ಣು ಕುಯ್ಲಿನ ಭರಾಟೆ. ಲೈನಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹಾಗೆ ಎಲ್ಲರೂ ತೋಟದಲ್ಲಿ. ಅಮ್ಮ ಸಾಮಾನಿಗೆಂದು ಆಲ್ದೂರಿಗೆ ಹೋಗಿದ್ದಳು. ನಾನು ಅರ್ಧ ದಿನದ ಸ್ಕೂಲು ಮುಗಿಸಿ ಅಪ್ಪನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಆಫೀಸಿಗೆ ಹೋದೆ. ಅಪ್ಪ ಇರಲಿಲ್ಲ, ಕಾಫಿ ಒಣಗಿಸುವ ಕಣದ ಕಡೆ ಹೋಗಿದ್ದ. ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಿದೆ.

“ಹಲೋ... ಯಾರು, ಪುಟ್ಟಿನಾ?”

“ಚಿಕ್ಕಪ್ಪಾ!”

“ಜೋರಾಗಿ ಕೂಗ್ಬೇಡ ಮಾರಾಯ್ತಿ. ಅಮ್ಮ ಇದಾಳಾ? ಓಡು, ಕರ್ಕೊಂಡ್ ಬಾ. ಬೇಗ ಬರಕ್ಕೆ ಹೇಳು. ನಾನು ಲೈನಲ್ಲೇ ಇರ್ತೀನಿ.”

ರಿಸೀವರನ್ನು ಮೇಜಿನ ಮೇಲೆ ಮಲಗಿಸಿದೆ, ಮಗುವನ್ನು ಮಲಗಿಸಿದ ಹಾಗೆ. ಇಳಿಜಾರಿನಲ್ಲಿ ಓಡುತ್ತಾ ದಾರಿಯುದ್ದಕ್ಕೂ ಚಿಕ್ಕಪ್ಪನ ಮಾತನ್ನು ಬಾಯಲ್ಲಿ ಹಿಡಿದುಕೊಂಡಿದ್ದೆ, ಚೆಲ್ಲಬಾರದು. ಅಜ್ಜಿ ಒಲೆಯ ಮುಂದೆ ಹಾಲು ಕಾಯಿಸುತ್ತಾ ಕೂತಿದ್ದಳು.

“ಅಜ್ಜಿ, ಚಿಕ್ಕಪ್ಪ! ಬೇಗ ಬರ್ಬೇಕಂತೆ! ಲೈನಲ್ಲೇ ಇರ್ತಾರಂತೆ!”

ಅವಳ ಮುಖ ಅರಳಿದ ರೀತಿಯನ್ನು ನಾನು ಆಮೇಲೆ ಯಾರ ಮುಖದಲ್ಲೂ ಕಂಡಿಲ್ಲ.

“ಬಂದ್ನಾ? ನೀನೇ ಮಾತಾಡಿದ್ಯಾ?”

“ಹೂಂ ಅಜ್ಜಿ, ನಾನೇ.”

“ಲೈನಲ್ಲೇ ಇರ್ತಾನಂತಾ? ಮನೆಗೆ ಬರಲ್ವಂತಾ?”

“ಇಲ್ಲ, ಲೈನಲ್ಲೇ ಇರ್ತೀನಿ ಅಂದ್ರು. ಅಜ್ಜಿ, ಹೊತ್ತು ಮಾಡ್ಬೇಡ!”

“ಆಯ್ತು, ಆಯ್ತು. ನೀನು ಹಾಲು ನೋಡು. ಉಕ್ಕಿಸಿಗಿಕ್ಕಿಸೀಯ, ಇವತ್ತು ಹಾಲು ಉಕ್ಕಿ ಒಲೆಗೆ ಬೀಳ್ಬಾರ್ದು.”

ಅವಳು ನಡುಮನೆಗೆ ಓಡಿದ್ದು, ಟ್ರಂಕಿನ ಮುಚ್ಚಳ ಢಣ್ಣೆಂದು ಗೋಡೆಗೆ ಬಡಿದದ್ದು, ಬಳೆಯ ಸದ್ದು ಅಂಗಳ ದಾಟಿದ್ದು ಕೇಳಿಸಿತು. ಆಫೀಸಿಗೆ ಹೋಗಲು ಗಂಟು ಯಾಕೆ ಎಂದು ನನಗೆ ಹೊಳೆಯಲಿಲ್ಲ. ನಾನು ಹಾಲು ನೋಡುತ್ತಿದ್ದೆ. ಹಾಲು ಉಕ್ಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಪಾತ್ರೆ ಇಳಿಸಿ, ನಾನೂ ಚಿಕ್ಕಪ್ಪನ ಹತ್ತಿರ ಮಾತಾಡಬೇಕೆಂದು ಒಂದೇ ಉಸಿರಿಗೆ ಆಫೀಸಿಗೆ ಓಡಿದೆ.

ರಿಸೀವರು ಅದರ ಜಾಗದಲ್ಲಿತ್ತು. ಅಪ್ಪ ಮೇಜಿನ ಹಿಂದೆ ಕೂತು ಹಾಜರಿ ಪುಸ್ತಕದ ಹೊಸ ಹಾಳೆಗೆ ಗೆರೆ ಹಾಕುತ್ತಿದ್ದ. ಅವನ ಎದೆ ಊದುತ್ತಿತ್ತು. ಕ್ಯಾರಿಯರ್ ತೆರೆದಿರಲಿಲ್ಲ.

“ಅಪ್ಪ, ಅಜ್ಜಿ ಎಲ್ಲಿ? ಚಿಕ್ಕಪ್ಪ ಲೈನಲ್ಲಿದ್ರು.”

ಅಪ್ಪ ತಲೆ ಎತ್ತಲಿಲ್ಲ. “ನಾನು ಬಂದಾಗ ಲೈನ್ ಕಟ್ಟಾಗಿತ್ತು” ಅಂದ.

ಸಿಲ್ವರ್ ಮರದ ಬುಡಕ್ಕೆ ವಾಪಸು ಬಂದಾಗ ಕೆಳಗಿನಿಂದ ಸದ್ದು ಕೇಳಿಸಿತು. ಯಾರೋ ಬಾಗಿಲು ಬಡಿಯುವ ಸದ್ದು. ನಿಧಾನವಾಗಿ, ಬಿಟ್ಟು ಬಿಟ್ಟು. ಇಳಿದು ಹೋದೆ. ಲೈನಿನ ಉದ್ದಕ್ಕೂ ಬಿಸಿಲು ಬಿದ್ದಿತ್ತು. ಹತ್ತು ಬಾಗಿಲೂ ಮುಚ್ಚಿದ್ದವು. ಅಜ್ಜಿ ನಾಲ್ಕನೇ ಬಾಗಿಲಿನ ಜಗಲಿಯ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂತಲ್ಲಿಂದಲೇ ಕೈಚಾಚಿ ಕದ ತಟ್ಟುತ್ತಿದ್ದಳು. ಅಂಗೈ ಕೆಂಪಾಗಿತ್ತು. ನನ್ನನ್ನು ಕಂಡು ಬೆರಳು ತುಟಿಗಿಟ್ಟಳು.

“ಒಳಗಿಂದ ಅಗಳಿ ಹಾಕ್ಕಂಡಿದಾರೆ ಕಣೆ. ನಾಚ್ಕೆ. ನಾನು ಎಷ್ಟು ಕರೆದ್ರೂ ತೆಗೀವಲ್ರು. ನೀನು ಕರಿ, ನಿನ್ ದನಿ ಕೇಳಿದ್ರೆ ವಸಂತ ತೆಗೀತಾನೆ.”

ಖಾಲಿ ಮನೆ ಅದು. ಒಳಗೆ ಹಳೆಯ ಹೊಗೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅವಳು ಹಾಗಂದ ಕ್ಷಣ, ದೇವರಾಣೆಗೂ, ಕದದ ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ ಅನ್ನಿಸಿತು.

“ಈ ಲೈನಲ್ಲ ಅಜ್ಜಿ” ಅಂದೆ. “ಫೋನಿನ ಲೈನು.”

ಅವಳು ನನ್ನ ಮುಖವನ್ನೇ ನೋಡಿದಳು.

“ಫೋನಿಗೂ ಲೈನು ಅಂತಾರಾ?”

ಅಷ್ಟೇ ಕೇಳಿದ್ದು. ಕೇಳಿ ಗಂಟಿನ ಗಂಟು ಇನ್ನಷ್ಟು ಬಿಗಿ ಮಾಡಿದಳು. ಏರು ಹತ್ತುವಾಗ ಮೂರು ಕಡೆ ಕೂತಳು. ಸಂಜೆ ಅಪ್ಪ ಎಲ್ಲರ ಎದುರಿಗೆ ಅಂದ: “ಫೋನ್ ಬಂದಿದೆ ಅನ್ನಕ್ಕೆ ಏನಾಗಿತ್ತು ನಿಂಗೆ? ದೊಡ್ಡ ಇಂಗ್ಲಿಷು. ಒಂದು ಮಾತು ಸರಿಯಾಗಿ ಹೇಳಿದ್ರೆ ಅವಳಿಗೆ ಮಗನ ದನಿ ಸಿಗ್ತಿತ್ತು.” ಅಜ್ಜಿ, “ಮಗು ಏನ್ ಮಾಡ್ತದೆ ಬಿಡು. ಕೇಳಿದ್ದು ಕೇಳ್ದಂಗೆ ತಂತು. ನಾನೇ ಹೇಳ್ಕೊಟ್ಟಿದ್ದು” ಅಂದಳು. ಆ ಸಮಾಧಾನ ನನಗೆ ಏಟಿಗಿಂತ ಜೋರಾಗಿ ತಾಗಿತು.

ಚಿಕ್ಕಪ್ಪ ಮತ್ತೆ ಫೋನು ಮಾಡಲಿಲ್ಲ.

ಆ ದಿನದಿಂದ ನನಗೊಂದು ಅಭ್ಯಾಸ ಅಂಟಿಕೊಂಡಿತು. ಯಾವ ಸುದ್ದಿಯನ್ನೇ ಆಗಲಿ ಎರಡು ಸಲ, ಎರಡು ಬೇರೆ ಬೇರೆ ಮಾತಿನಲ್ಲಿ ಹೇಳುತ್ತೇನೆ. ಕೇಳಿದವರು ಏನು ತಿಳಿದುಕೊಂಡರೆಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಈಗ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ; ಮಕ್ಕಳು ನನಗೆ ಇಟ್ಟಿರುವ ಅಡ್ಡಹೆಸರು ‘ಏನಂದೆ ಹೇಳು ಮಿಸ್ಸು’. ನಗುತ್ತಾರೆ, ನಗಲಿ.

ಅಜ್ಜಿಯ ಅಭ್ಯಾಸ ಬೇರೆ. ಭಾನುವಾರ ಅಪ್ಪ ಊರಿಗೆ ಹೋದದ್ದನ್ನು ನೋಡಿಕೊಂಡು ಆಫೀಸಿನ ಕೀಲಿಕೈ ನನ್ನ ಕೈಗೆ ಕೊಟ್ಟು ಅಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದಳು. ಸೆರಗಿನಿಂದ ಒರೆಸಿ ರಿಸೀವರನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಅದರೊಳಗಿನ ಆ ಒಂದೇ ಶ್ರುತಿಯ ಗುಂಯ್‌ಗುಟ್ಟುವಿಕೆ ನನಗೂ ಕೇಳಿಸುತ್ತಿತ್ತು.

“ಇದಾನೆ ಕಣೆ. ಏನೋ ಹೇಳಕ್ಕೆ ಬಾಯಿ ತೆಗ್ದು ನಿಂತಂಗಿದೆ.”

“ಅದು ಫೋನಿನ ಸದ್ದು ಅಜ್ಜಿ. ಯಾರೂ ಇಲ್ಲದಿದ್ದಾಗ ಹಂಗೇ ಬರುತ್ತೆ.”

“ಯಾರೂ ಇಲ್ಲದಿದ್ರೆ ಸದ್ದು ಯಾಕೆ ಬರ್ಬೇಕು? ನೀನೇ ಹೇಳು.”

ಮಳೆಗಾಲದಲ್ಲಿ ಕಂಬ ಬಿದ್ದು ಫೋನು ಸತ್ತುಹೋದಾಗ ಅವಳು ಊಟ ಬಿಡುತ್ತಿದ್ದಳು. ಒಂದು ಭಾನುವಾರ ನಾವಿಬ್ಬರೂ ಹೀಗೆ ನಿಂತಿದ್ದಾಗ ಬಾಗಿಲ ಹಿಂದೆ ಆ ಪೀಪಿಯ ಸದ್ದು ಕೇಳಿತು. ಅಪ್ಪ. ಬೈಯುತ್ತಾನೆಂದು ಕಾದೆ. ಅವನು ಒಂದು ಗಳಿಗೆ ನಿಂತು, ತನ್ನ ಅಮ್ಮನ ಕಿವಿಯ ಹತ್ತಿರದ ಆ ಕಪ್ಪು ರಿಸೀವರನ್ನು ನೋಡಿ, ಬಂದ ಹಾಗೇ ಹೋದ. ಆಮೇಲೆ ಅವನು ಭಾನುವಾರ ಬೇಗನೇ ಊರಿಗೆ ಹೊರಡಲು ಶುರುಮಾಡಿದ, ಕೀಲಿಕೈಯನ್ನು ಮೊಳೆಯ ಮೇಲೆ ಬಿಟ್ಟು.

ಕಾಲ ಬದಲಾಯಿತು. ಸಾಹುಕಾರರು ಮೊಬೈಲು ತಂದರು, ಆಮೇಲೆ ಅಪ್ಪನೂ ತಂದ. ಕಣದ ಮೂಲೆಯ ಕಲ್ಲಿನ ಮೇಲೆ ಹತ್ತಿ ನಿಂತರೆ ಮಾತ್ರ ಸಿಗ್ನಲ್ಲು. ಆಫೀಸಿನ ಫೋನಿನ ತಂತಿ ಸುತ್ತಿಕೊಂಡು ಹೋಗಲು ಜನ ಬಂದ ದಿನ ಅಜ್ಜಿ ಸಿಲ್ವರ್ ಮರದ ಬುಡದಲ್ಲಿ ಕೂತು ನೋಡಿದಳು. ತಂತಿಯೇ ಇಲ್ಲದ ಮೇಲೆ ಅವನು ಯಾವುದನ್ನ ಹಿಡ್ಕಂಡು ಬತ್ತಾನೆ ಅಂದಳು. ಲೈನಿನ ಜನರೂ ಚದುರಿ, ಐದಾರು ಬಾಗಿಲು ಖಾಲಿಯಾಗಿದ್ದವು. ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳ ಬಲಗೈ ಮಂಚದ ಪಕ್ಕದ ಗೋಡೆಯನ್ನು ತಟ್ಟುತ್ತಿತ್ತು. ನಿಧಾನವಾಗಿ, ಬಿಟ್ಟು ಬಿಟ್ಟು.

ಹನ್ನೊಂದನೇ ದಿನದ ಕಾರ್ಯ. ಮನೆತುಂಬ ನೆಂಟರು. ನಾನು ಮೊಬೈಲು ಹಿಡಿದು ಬರುವವರಿಗೆ ದಾರಿ ಹೇಳಲೆಂದು ಕಣದ ಕಲ್ಲಿನ ಮೇಲೆ ನಿಂತಿದ್ದೆ. ಅಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದಳು.

“ಪುಟ್ಟೀ, ನಿನ್ನ ಚಿಕ್ಕಪ್ಪ ಲೈನಲ್ಲಿದಾರಂತೆ.”

ನಾನು ಮೊಬೈಲನ್ನು ಕಿವಿಗಿಟ್ಟುಕೊಂಡೆ. “ಹಲೋ” ಅಂದೆ. “ಹಲೋ, ಚಿಕ್ಕಪ್ಪ.”

ಅಮ್ಮ ನನ್ನ ಕೈಹಿಡಿದು ಮೆಲ್ಲಗೆ ಕೆಳಗಿಳಿಸಿದಳು. “ಅದಲ್ಲ ಕಣೆ. ಲೈನಲ್ಲಿ. ಕೆಳಗೆ.”

ನಾಲ್ಕನೇ ಬಾಗಿಲಿನ ಜಗಲಿಯ ಮೇಲೆ, ಅಜ್ಜಿ ಕೂತಿದ್ದಲ್ಲೇ, ಅರ್ಧ ನೆರೆತ ತಲೆಯ ಮನುಷ್ಯನೊಬ್ಬ ಕೂತಿದ್ದ. ಡೀಸೆಲ್ ವಾಸನೆ ಹಾಗೇ ಇತ್ತು. ಇಷ್ಟು ವರ್ಷ ಅವನಿದ್ದದ್ದು ಕಳಸದ ಕಡೆಯ ಒಂದು ತೋಟದಲ್ಲಿ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಲಾರಿಯವರೊಬ್ಬರ ಬಾಯಲ್ಲಿ ಸುದ್ದಿ ತಿಳಿಯಿತಂತೆ.

“ಮನೆಗೆ ಬನ್ನಿ ಚಿಕ್ಕಪ್ಪ. ರುಕ್ಕು ಚಿಕ್ಕಮ್ಮ ಬರ್ಲಿಲ್ವಾ?”

“ಅತ್ತೆ ಬೇಡ ಅಂದ ಮನೆಗೆ ನಾನ್ಯಾಕೆ ಬರ್ಲಿ ಅಂದ್ಲು. ತಪ್ಪಲ್ಲ ಬಿಡು. ನನ್ಗೆ ತಡೀಲಿಲ್ಲ, ಬಂದೆ. ಇಲ್ಲಿಂದ್ಲೇ ಕೈಮುಗಿದು ಹೋಗ್ತೀನಿ.”

“ಅಜ್ಜಿ ಯಾವಾಗ ಬೇಡ ಅಂದ್ರು?”

ಚಿಕ್ಕಪ್ಪ ನೆಲ ನೋಡುತ್ತಾ ಹೇಳಿದ. “ಅವತ್ತು ನೀನು ಕರೆಯಕ್ಕೆ ಹೋದ್ಯಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಎತ್ತಿದ ಸದ್ದಾಯ್ತು. ಅಮ್ಮ ಅಂದ್ಕೊಂಡು ಎಲ್ಲಾ ಹೇಳ್ದೆ. ರುಕ್ಕು ಬಸ್ರಿ, ಮೈ ಹುಷಾರಿಲ್ಲ, ಒಂದೆರಡು ತಿಂಗಳು ನಿನ್ನ ಹತ್ರ ಬಂದು ಇರ್ಲಾ ಅಂದೆ. ಬರ್ಲಾ ಅಮ್ಮ, ಬರ್ಲಾ ಅಂತ ಮೂರು ಸಲ ಕೇಳ್ದೆ. ಅವಳು ಒಂದು ಮಾತೂ ಆಡ್ಲಿಲ್ಲ. ಉಸಿರು ಕೇಳ್ತಿತ್ತು, ಬಿಕ್ಕಿಬಿಕ್ಕಿ ಬಂದಂಗೆ. ಅಳ್ತಿದಾಳೆ ಅಂದ್ಕೊಂಡೆ. ಆಮೇಲೆ ಇಟ್ಬಿಟ್ಲು.”

“ಹೇಗಿತ್ತು ಉಸಿರು?”

“ಹೇಗೆ ಅಂದ್ರೆ... ಸಣ್ಣಗೆ. ಪೀಪಿ ಊದಿದಂಗೆ...”

ಹೇಳುತ್ತಾ ಹೇಳುತ್ತಾ ಅವನ ಬಾಯಿ ನಿಂತಿತು. ನಾನು ಅವನಿಗೆ ಆ ದಿನದ ಕಥೆ ಹೇಳಿದೆ. ಅಜ್ಜಿ ಫೋನಿನ ಹತ್ತಿರ ಬರಲೇ ಇಲ್ಲ ಎಂದೆ. ಇದೇ ಬಾಗಿಲು ತಟ್ಟುತ್ತಾ ಕೂತಿದ್ದಳು ಎಂದೆ. ನನ್ನ ಅಭ್ಯಾಸದಂತೆ ಎರಡು ಸಲ, ಎರಡು ಬೇರೆ ಮಾತಿನಲ್ಲಿ ಹೇಳಿದೆ. ಅವನು ಕದದ ಮೇಲೆ ಅಂಗೈ ಇಟ್ಟು ಹಾಗೇ ಕೂತುಬಿಟ್ಟ. ನಾನು ಗಂಟು ತರಲು ಮೇಲಕ್ಕೆ ಓಡಿದೆ.

ಟ್ರಂಕಿನಿಂದ ಗಂಟು ತೆಗೆದು ತಿರುಗಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಹನ್ನೆರಡು ವರ್ಷ ನಾನು ಹೊತ್ತದ್ದು ನನ್ನ ನಾಲಿಗೆಯ ತಪ್ಪನ್ನಲ್ಲ, ಇವನ ಮೌನವನ್ನು ಎಂದು ಈಗ ನನಗೆ ಗೊತ್ತಿತ್ತು. ಎಷ್ಟೋ ಕೇಳಬಹುದಿತ್ತು. ಅವನ ಕಣ್ಣು ಗಂಟಿನ ಮೇಲಿತ್ತು. ಕೂದಲು ತೆಗೆಸಿದ ತಲೆ, ಬರಿಮೈ, ಊದುತ್ತಿರುವ ಎದೆ. ಫೋನು ಬಂದ ಆ ದಿನವೂ ಬಾಯಿಗೆ ಬಂದ ಯಾವುದೋ ಒಂದು ಮಾತು ಆ ಪೀಪಿಯಲ್ಲೇ ಸಿಕ್ಕಿಕೊಂಡಿತ್ತೇನೋ ಅನ್ನಿಸಿತು. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು.

“ಎಲ್ಲಿದಾನೆ?” ಎಂದ.

“ಲೈನಲ್ಲಿದಾರೆ” ಅಂದೆ. ಇನ್ನೊಂದು ಮಾತಿನಲ್ಲಿ ಬಿಡಿಸಿ ಹೇಳಲಿಲ್ಲ.

ನಾನು ಮುಂದೆ ನಡೆದೆ. ಸಿಲ್ವರ್ ಮರ ದಾಟಿ ಬಲಕ್ಕೆ ಇಳಿಯುವಾಗ ಹಿಂದೆ ಪೀಪಿಯ ಸದ್ದು ಬರುತ್ತಿತ್ತು. ಲೈನಿನ ಮೊದಲನೇ ಬಾಗಿಲಿನ ಹತ್ತಿರ ಅದು ನಿಂತಿತು. ಅಪ್ಪ ಅಲ್ಲಿ, ತಾನು ಹುಟ್ಟಿದ ಮನೆಯ ಜಗಲಿಗೆ ಕೈಯೂರಿ ನಿಂತಿದ್ದ. ಚಿಕ್ಕಪ್ಪ ನಾಲ್ಕನೇ ಬಾಗಿಲಿನಿಂದ ಏಳಲಿಲ್ಲ. ನಾನು ಅವನ ತೊಡೆಯ ಮೇಲೆ ಗಂಟು ಇಟ್ಟೆ. ಒಳಗೆ ಬಳೆ ಸದ್ದು ಮಾಡಿತು. ಅವನು ಅದರ ಮೇಲೆ ಎರಡೂ ಕೈಯಿಟ್ಟುಕೊಂಡು, ಮೊದಲನೇ ಬಾಗಿಲಿನ ಕಡೆ ತಿರುಗಿ ಅಂದ:

“ಹೇಳಣ್ಣ. ಲೈನಲ್ಲೇ ಇದೀನಿ.”

ಅಪ್ಪ ಬಾಯಿ ತೆರೆದ. ನಾವಿಬ್ಬರೂ ಕಾದೆವು. ಅವನ ಉಸಿರಷ್ಟೇ ಕೇಳುತ್ತಿತ್ತು.